ನಳ ಯಾವಾಗ ಬರ್ತದ?

ಊರು ದೊಡ್ಡದಾದಷ್ಟೂ ತಲೆಬಿಸಿ ದೊಡ್ಡದು ಎಂಬ ಲೆಕ್ಕ ಪಟ್ಟಣದ ಬದುಕಿನ ಬಗ್ಗೆ ಮಾತಾಡುವವರಿಗೆಲ್ಲ ಬಾಯಿಪಾಠವಾಗಿದೆ. ಬೆಂಗಳೂರಿನ ಸಿಗ್ನಲ್ಲು, ಮುಂಬಯಿಯ ಲೋಕಲ್ ರೈಲು, ಫಿಲಿಪೈನ್ಸಿನ ಮನಿಲಾದ ಜೀಪ್ನಿಗಳ ಸಾಲು, ಇಷ್ಟು ತೋರಿಸಿದರೆ ವಾದ ಗೆದ್ದಂತೆ. ನಮ್ಮ ಬೀದರ ಜಿಲ್ಲೆಯ ಚಿಟಗುಪ್ಪದಲ್ಲಿ ಕೂತು ಅದೇ ಲೆಕ್ಕ ಹಾಕಿ ನೋಡಿ, ತಾಳೆ ಬೀಳುವುದಿಲ್ಲ. 2011ರ ಜನಗಣತಿಯ ಪ್ರಕಾರ ಬೀದರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 313 ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಮನಿಲಾ ನಗರದಲ್ಲಂತೂ 2020ರ ಗಣತಿಯ ಹೊತ್ತಿಗೆ ಸುಮಾರು 43 ಚದರ ಕಿಲೋಮೀಟರಿನೊಳಗೆ 18 ಲಕ್ಷಕ್ಕೂ ಹೆಚ್ಚು ಜನ. ನಮ್ಮ ಇಡೀ ಜಿಲ್ಲೆಯ 17 ಲಕ್ಷ ಜನರನ್ನು ಎತ್ತಿ ಅಷ್ಟೇ ಜಾಗದಲ್ಲಿ ಕೂರಿಸಿದರೂ ಅಲ್ಲಿನ ದಟ್ಟಣೆ ಮುಟ್ಟುವುದಿಲ್ಲ.

ಹಾಗಾದರೆ ನಮ್ಮಲ್ಲಿ ನೆಮ್ಮದಿ ತುಂಬಿ ತುಳುಕಬೇಕಿತ್ತು. ಹುಮನಾಬಾದ, ಬಸವಕಲ್ಯಾಣ, ಚಿಟಗುಪ್ಪ, ಯಾವ ಊರಿನ ಚಹಾದಂಗಡಿಯಲ್ಲಾದರೂ ಕಾಲು ತಾಸು ಕೂತರೆ ಸಾಕು, "ಭಾಳ ಟೆನ್ಷನ್ ಅದರೀ" ಎಂಬ ಮಾತು ಒಂದಲ್ಲ ಒಂದು ಮೇಜಿನಿಂದ ಬಂದೇ ಬರುತ್ತದೆ. ಔಷಧಿ ಅಂಗಡಿಯ ಮುಂದೆ ನಿಂತರೆ ಅದೇ ಟೆನ್ಷನ್ನು ಬೇರೆ ಹೆಸರಿನಲ್ಲಿ ಕೇಳುತ್ತದೆ. ಗ್ಯಾಸಿನ ಗುಳಿಗೆ, ತಲೆನೋವಿನ ಗುಳಿಗೆ, ಬಿ.ಪಿ. ಗುಳಿಗೆ, ನಿದ್ದೆ ಬರದ್ದಕ್ಕೆ ಏನಾದರೂ. ಮನಸ್ಸು ದಣಿದಿದೆ ಎಂದು ಯಾರೂ ಹೇಳುವುದಿಲ್ಲ, ಎದೆ ಉರಿ ಎನ್ನುತ್ತಾರೆ.

ನನಗನಿಸುವುದು ಇಷ್ಟು: ಮನುಷ್ಯನನ್ನು ಸವೆಸುವುದು ಬರಿಯ ಗದ್ದಲವಲ್ಲ, ತನ್ನ ಸರದಿ ಯಾವಾಗ ಬರುತ್ತದೆಂದು ಗೊತ್ತಿಲ್ಲದೆ ಗದ್ದಲದಲ್ಲಿ ನಿಂತಿರುವುದು. ಬೆಂಗಳೂರಿಗೆ ಗದ್ದಲ ಹೆಚ್ಚು. ನಮಗೆ ಗೊತ್ತಿಲ್ಲದಿರುವುದು ಹೆಚ್ಚು. ದಣಿವಿನ ವಿಷಯದಲ್ಲಿ ಎರಡೂ ಊರು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ.

ಇದು ಚಹಾದಂಗಡಿಯ ಸಿದ್ಧಾಂತವಲ್ಲ. ದಟ್ಟಣೆ ಬೇರೆ, ಇಕ್ಕಟ್ಟು ಅನಿಸುವುದು ಬೇರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಸ್ಟೋಕೋಲ್ಸ್ 1972ರಲ್ಲೇ ವಾದಿಸಿದ. ಜಾತ್ರೆಯಲ್ಲಿ ಭುಜಕ್ಕೆ ಭುಜ ತಾಗಿದರೂ ಖುಷಿ, ಕಚೇರಿಯ ಪಾಳಿಯಲ್ಲಿ ಐದು ಜನ ಮುಂದಿದ್ದರೂ ಸಂಕಟ. ಅದೇ ವರ್ಷ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಪಟ್ಟಣದ ಒತ್ತಡದ ಬಗ್ಗೆ ಒಂದು ಪುಸ್ತಕ ತಂದರು. ಜನರನ್ನು ಕೂರಿಸಿ ಕರ್ಕಶ ಸದ್ದು ಕೇಳಿಸಿದರು. ಕೆಲವರ ಕೈಗೆ ಒಂದು ಗುಂಡಿ ಕೊಟ್ಟು, ತೀರ ತಾಳದಿದ್ದರೆ ಒತ್ತಿ ಸದ್ದು ನಿಲ್ಲಿಸಬಹುದು, ಒತ್ತದಿದ್ದರೆ ಒಳ್ಳೆಯದು ಎಂದರು. ಗುಂಡಿ ಇದ್ದವರು ಅದನ್ನು ಒತ್ತಲಿಲ್ಲ. ಆದರೂ ಆಮೇಲೆ ಕೊಟ್ಟ ಕೆಲಸವನ್ನು ಗುಂಡಿ ಇಲ್ಲದವರಿಗಿಂತ ಚೆನ್ನಾಗಿ ಮಾಡಿದರು. ಸದ್ದು ಇಬ್ಬರಿಗೂ ಒಂದೇ. ನಿಲ್ಲಿಸುವ ದಾರಿ ತನ್ನ ಕೈಯಲ್ಲಿದೆ ಎಂಬ ನಂಬಿಕೆ ಮಾತ್ರ ಬೇರೆ. 1977ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಸೂಸನ್ ಸೇಗರ್ಟ್ ನ್ಯೂಯಾರ್ಕಿನ ಅಂಗಡಿಗಳಲ್ಲಿ ಇನ್ನೂ ಸರಳವಾದದ್ದನ್ನು ಕಂಡರು. ಜನಜಂಗುಳಿಯಲ್ಲಿ ಗಾಬರಿಯಾಗುವುದು ಸಹಜ ಎಂದು ಮೊದಲೇ ತಿಳಿಸಿದ ಗಿರಾಕಿಗಳು ಅದೇ ಜಂಗುಳಿಯಲ್ಲಿ ಕಡಿಮೆ ಕಂಗೆಟ್ಟರು. ಗುಂಡಿಯೂ ಬೇಕಿರಲಿಲ್ಲ, ಒಂದು ಮಾತು ಸಾಕಾಗಿತ್ತು.

ಮತ್ತೊಂದು ಸಂಗತಿ. ಮನೆಯಲ್ಲಿ ಸಾವು, ಕೆಲಸ ಹೋಗುವುದು, ಇಂಥ ದೊಡ್ಡ ಪೆಟ್ಟುಗಳೇ ಮನಸ್ಸನ್ನು ಮುರಿಯುತ್ತವೆ ಎಂದು ಬಹಳ ಕಾಲ ನಂಬಿದ್ದರು. 1981ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಲಾಜರಸ್ ಮತ್ತು ಸಂಗಡಿಗರು ದಿನನಿತ್ಯದ ಸಣ್ಣ ಕಿರಿಕಿರಿಗಳ ಪಟ್ಟಿ ಮಾಡಿ ಅಳೆದು ನೋಡಿದಾಗ, ಮನಸ್ಸಿನ ಸ್ಥಿತಿಯನ್ನು ಊಹಿಸಲು ದೊಡ್ಡ ಪೆಟ್ಟುಗಳಿಗಿಂತ ಈ ಕಿರಿಕಿರಿಗಳ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂತು.

ನಮ್ಮ ಕಡೆಯ ಕಿರಿಕಿರಿಗಳಲ್ಲಿ ಮೊದಲನೆಯದು ನಳ. ಬೀದರ ಜಿಲ್ಲೆಯ ಪಟ್ಟಣಗಳಲ್ಲಿ ಮನೆಮನೆಗೆ ದಿನಾ ನೀರು ಬರುವುದು ಅಪರೂಪ. ಬೇಸಿಗೆಯಲ್ಲಿ ಎರಡು ಸರದಿಯ ನಡುವಿನ ಅಂತರ ಇನ್ನೂ ಹಿಗ್ಗುತ್ತದೆ. ದಿನಗಳ ಅಂತರವನ್ನು ಹೆಂಗಸರು ಹೇಗೋ ಹೊಂದಿಸಿಕೊಳ್ಳುತ್ತಾರೆ. ಡ್ರಮ್ಮು, ಸಿಂಟೆಕ್ಸು, ಕೊಡ, ಬಕೀಟು, ಕಡೆಗೆ ಅಡುಗೆಮನೆಯ ದೊಡ್ಡ ಪಾತೇಲಿ ತನಕ ಎಲ್ಲ ತುಂಬಿಟ್ಟುಕೊಂಡರಾಯಿತು. ಹೊಂದಿಸಿಕೊಳ್ಳಲಾಗದ್ದು ಗಳಿಗೆಯನ್ನು. ಬೆಳಗಿನ ನಾಲ್ಕಕ್ಕೆ ಬರಬಹುದು, ರಾತ್ರಿ ಹನ್ನೊಂದಕ್ಕೆ ಬರಬಹುದು, ಬರದೆಯೂ ಇರಬಹುದು. ಆ ದಿನ ಮನೆಯಲ್ಲಿ ಒಬ್ಬರು ಉಳಿಯಲೇಬೇಕು. ಉಳಿಯುವವಳು ಸಾಮಾನ್ಯವಾಗಿ ಸೊಸೆ, ಇಲ್ಲವಾದರೆ ಶಾಲೆ ಬಿಟ್ಟು ನಿಂತ ದೊಡ್ಡ ಮಗಳು. ತೊಗರಿ ಕೊಯ್ಲಿಗೆ ಕೂಲಿ ಹೋಗುವವಳಾದರೆ ಅಂದಿನ ಪಗಾರ ಹೋಯಿತು.

"ಅಣ್ಣಾ, ನಮ್ ಗಲ್ಲಿಗಿ ಇವತ್ತ ನಳ ಬರ್ತದೇನ್ರಿ?" ಎಂದು ನೀರು ಬಿಡುವವನಿಗೆ ಫೋನು ಹೋಗುತ್ತದೆ. "ಲೈಟ್ ಇದ್ರ ಬಿಡ್ತೀನ್ರೀ ಅಕ್ಕಾ, ಟಾಕಿನೇ ತುಂಬಿಲ್ಲ" ಎನ್ನುತ್ತಾನೆ. ಲೈಟು ಬಂದು, ಟಾಕಿ ತುಂಬಿ, ವಾಲ್ವು ತಿರುವಿ ನೀರು ಗಲ್ಲಿಗೆ ಇಳಿದಾಗ ಇನ್ನೊಂದು ಆಟ ಶುರು. ಮೇಲಿನ ತುದಿಯ ಮನೆಯವರು ಪೈಪಿಗೆ ನೇರ ಮೋಟಾರು ಹಚ್ಚುತ್ತಾರೆ. ಕೆಳಗಿನ ಮನೆಯ ನಳ ಬರಿಯ ಗಾಳಿ ಉಗುಳುತ್ತದೆ. ಮೋಟಾರು ಹಚ್ಚಬಾರದೆಂದು ನಿಯಮವಿದೆ, ಹಚ್ಚದಿದ್ದರೆ ನೀರಿಲ್ಲ. ಎಲ್ಲರೂ ಹಚ್ಚುತ್ತಾರೆ, ಎಲ್ಲರೂ ಇನ್ನೊಬ್ಬರು ಹಚ್ಚಿದ್ದಕ್ಕೆ ಬೈಯುತ್ತಾರೆ. ಹಬ್ಬಕ್ಕೆ ಹೋಳಿಗೆ, ಈದಿಗೆ ಶೀರಖುರ್ಮಾ ಅದಲುಬದಲಾಗುವ ಎರಡು ಮನೆಗಳ ನಡುವೆ ಅರ್ಧ ತಾಸಿನ ನೀರಿಗಾಗಿ ತಿಂಗಳುಗಟ್ಟಲೆ ಮಾತು ನಿಂತದ್ದನ್ನು ನಮ್ಮ ಗಲ್ಲಿಯಲ್ಲೇ ಕಂಡಿದ್ದೇನೆ. ಇದನ್ನು ನೀರಿನ ಕೊರತೆ ಎಂದಷ್ಟೇ ಬರೆದುಕೊಂಡರೆ ಅರ್ಧ ಕಥೆ ಬಿಟ್ಟುಹೋಗುತ್ತದೆ.

ದೊಡ್ಡ ಊರಿಗೂ ಇದರ ರುಚಿ ಗೊತ್ತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಫೋನು ಹಚ್ಚಿ ಕಾಯ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆ ಬಂತು. ರಾಜಧಾನಿಯ ಬಾಯಾರಿಕೆ ಒಂದು ಬೇಸಿಗೆ ಸುದ್ದಿಯಾಯಿತು. ನಮ್ಮದು ಪ್ರತಿ ಬೇಸಿಗೆಯದು, ಹಾಗಾಗಿ ಸುದ್ದಿಯಲ್ಲ.

ರಸ್ತೆಯ ಮಾತಿಗೆ ಬಂದರೆ, ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಆ ವರ್ಷ ಜಗತ್ತಿನಲ್ಲೇ ಮೂರನೆಯ ನಿಧಾನದ ಊರು. ಚಿಟಗುಪ್ಪದವನಿಗೆ ಈ ಅಂಕಿ ಕೇಳಿದರೆ ನಗು ಬರಬಹುದು. ಅವನಿಗೆ ಹಾದಿ ಖಾಲಿ ಇರುತ್ತದೆ, ಗಾಡಿ ಇರುವುದಿಲ್ಲ. ಹುಮನಾಬಾದ ಪುಣೆ-ಹೈದರಾಬಾದಿನ 65ನೇ ಹೆದ್ದಾರಿ ಮತ್ತು ಬೀದರ-ಕಲಬುರಗಿಯ 50ನೇ ಹೆದ್ದಾರಿ ಕೂಡುವ ಜಾಗ. ಲಾರಿಗಳ ಹಾರ್ನು ರಾತ್ರಿಯಿಡೀ ನಿಲ್ಲುವುದಿಲ್ಲ. ಅಲ್ಲಿಂದ ಒಳಗಿನ ಹಳ್ಳಿಗೆ ಹೋಗಬೇಕಾದವರು ಬಸ್‌ಸ್ಟ್ಯಾಂಡಿನಲ್ಲಿ ಕೂತು ಬೋರ್ಡು ನೋಡುತ್ತ, ಬೋರ್ಡಿಗಿಂತ ಪಕ್ಕದವರನ್ನು ಹೆಚ್ಚು ನಂಬುತ್ತ, ಕಡೆಗೆ ಟಂಟಂ ಅಥವಾ ಕ್ರೂಸರಿಗೆ ಜೋತು ಬೀಳುತ್ತಾರೆ. ಕ್ರೂಸರು ತುಂಬುವ ತನಕ ಹೊರಡುವುದಿಲ್ಲ. ತುಂಬುವುದು ಎಂದರೆ ಎಷ್ಟು ಎಂಬುದನ್ನು ಡ್ರೈವರನೊಬ್ಬನೇ ಬಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ತವರಿಗೆ, ದವಾಖಾನೆಗೆ, ಮಾಣಿಕನಗರಕ್ಕೆ ಗಂಡನ ಕಿಸೆ ನೋಡದೆ ಹೋಗುವ ಸ್ವಾತಂತ್ರ್ಯ ಸಣ್ಣದಲ್ಲ. ಅದನ್ನು ಗೇಲಿ ಮಾಡುವವರು ಟಿಕೀಟಿನ ಹತ್ತಿಪ್ಪತ್ತು ರೂಪಾಯಿಗೆ ಹೋಗುವುದನ್ನೇ ಬಿಟ್ಟ ಹೆಂಗಸನ್ನು ಕಂಡವರಲ್ಲ. ಬಸ್ಸುಗಳು ಮಾತ್ರ ಜನ ಹೆಚ್ಚಿದಷ್ಟು ಹೆಚ್ಚಲಿಲ್ಲ. ಸಂತೆಯ ದಿನ ಫುಟ್‌ಬೋರ್ಡಿನ ಮೇಲೆ ನಿಂತ ಕಾಲೇಜು ಹುಡುಗನ ಬ್ಯಾಗು ಹೊರಗೆ, ಹುಡುಗ ಒಳಗೆ. ಸೀಟಿಗಾಗಿ ಕಿಟಕಿಯಿಂದ ಟವೆಲು ಎಸೆಯುವ ಹಳೆಯ ಪದ್ಧತಿಗೆ ಈಗ ವ್ಯಾನಿಟಿ ಬ್ಯಾಗೂ ಸೇರಿದೆ. ಜಗಳ ಆಗುವುದು ಉಚಿತ ಪ್ರಯಾಣದ ಕಾರಣಕ್ಕಲ್ಲ, ಹಿಂದೆ ಇನ್ನೊಂದು ಬಸ್ಸು ಇದೆಯೋ ಇಲ್ಲವೋ ತಿಳಿಯದ ಕಾರಣಕ್ಕೆ. ಹತ್ತು ನಿಮಿಷಕ್ಕೆ ಮತ್ತೊಂದು ಬರುತ್ತದೆಂದು ಗೊತ್ತಿದ್ದರೆ ಯಾರು ಟವೆಲು ಎಸೆಯುತ್ತಾರೆ?

ಬಸ್‌ಸ್ಟ್ಯಾಂಡಿನ ಮಾತು ಬಂದ ಮೇಲೆ ಶೌಚಾಲಯದ ಮಾತು ಬಿಡುವಂತಿಲ್ಲ. ಬಜಾರಿಗೆ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯದ ಹೆಂಗಸರು ಪ್ರತಿ ಮನೆಯಲ್ಲೂ ಇದ್ದಾರೆ. 42 ಡಿಗ್ರಿಯ ಏಪ್ರಿಲಿನಲ್ಲಿ ನೀರು ಕುಡಿಯದೆ ಎರಡು ಕಚೇರಿ, ಒಂದು ಬ್ಯಾಂಕು, ಒಂದು ಬಟ್ಟೆ ಅಂಗಡಿ ಸುತ್ತಿ ಬಂದವಳಿಗೆ ರಾತ್ರಿ ತಲೆ ಸಿಡಿಯುತ್ತದೆ. ಅದನ್ನೂ ಟೆನ್ಷನ್ ಅನ್ನುತ್ತಾರೆ. ಒತ್ತಡದ ಬಗ್ಗೆ ಬರೆಯುವ ಗಂಡಸರು ಈ ಒಂದು ಲೆಕ್ಕವನ್ನು ಯಾಕೋ ಯಾವಾಗಲೂ ಬಿಟ್ಟಿರುತ್ತಾರೆ.

ಇನ್ನು ರೊಕ್ಕ. ಸಾಲ ನಮ್ಮ ಕಡೆ ಹೊಸದಲ್ಲ, ಸಾಲದ ಗಡಿಯಾರ ಹೊಸದು. ಸಾಹುಕಾರನ ಸಾಲಕ್ಕೆ ಸುಗ್ಗಿ ತನಕ ಉಸಿರಾಡಲು ಜಾಗವಿತ್ತು, ಬಡ್ಡಿ ಮಾತ್ರ ಕತ್ತು ಹಿಸುಕುತ್ತಿತ್ತು. ಸಂಘದ ಸಾಲಕ್ಕೆ ಬಡ್ಡಿ ಕಡಿಮೆಯಿರಬಹುದು, ಕಂತು ವಾರವಾರ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬರ ಮನೆಯ ಪಡಸಾಲೆಯಲ್ಲಿ ಹತ್ತು ಹೆಂಗಸರು ಕೂಡಬೇಕು. ಒಬ್ಬಳು ಕಂತು ತರದಿದ್ದರೆ ಉಳಿದವರು ತುಂಬಬೇಕು. ಹಾಗಾಗಿ ಬೆದರಿಕೆ ಹಾಕಲು ಹೊರಗಿನವರೇ ಬೇಕಿಲ್ಲ, ಓರಗಿತ್ತಿಯ ಮುಖ ಸಾಕು. ಗಳಿಕೆ ಎಂದು ಬರುತ್ತದೋ ತಿಳಿಯದು, ಕಂತು ಎಂದು ಎಂಬುದು ಮಾತ್ರ ಕಲ್ಲಿನಲ್ಲಿ ಕೊರೆದಂತೆ. ಈ ಎರಡರ ನಡುವಿನ ಸಂದಿಯಲ್ಲಿ ನಿದ್ದೆ ಹೋಗುತ್ತದೆ. ಇಂಥ ಕಿರುಸಾಲ ಪಡೆದ ಮನೆಯ ಒಟ್ಟು ಕಂತು ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಕೂಲಿಯವಳ ತಿಂಗಳ ಆದಾಯ ಎಷ್ಟು ಎಂದು ಅರ್ಜಿಯಲ್ಲಿ ಬರೆಯುವಾಗ ಯಾರು ಏನು ಬರೆಯುತ್ತಾರೆ ಎಂಬುದರ ಮೇಲೆ ರಿಸರ್ವ್ ಬ್ಯಾಂಕಿನ ಆ ನಿಯಮದ ಬಾಳ್ವೆ ನಿಂತಿದೆ.

ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ 2023ರ ಆಗಸ್ಟಿನಲ್ಲಿ ಶುರುವಾದಾಗ ಎಷ್ಟೋ ಮನೆಗಳಲ್ಲಿ ಆ ರೊಕ್ಕವನ್ನು ನೇರ ಒಂದು ಕಂತಿಗೆ ಜೋಡಿಸಿಕೊಂಡರು. ಬಂದ ತಿಂಗಳು ಹಗುರ. ತಡವಾದ ತಿಂಗಳು ಕಂತು ತಪ್ಪಿ, ಮೊದಲಿಗಿಂತ ಹೆಚ್ಚು ಗಾಬರಿ. "ರೊಕ್ಕ ಬಿದ್ದದೇನ ನೋಡ್ರೀ" ಎಂದು ಬ್ಯಾಂಕ್ ಮಿತ್ರನ ಅಂಗಡಿಯಲ್ಲಿ ಬೆರಳು ಒತ್ತಿ ನೋಡುವವರ ಸಾಲು ಯಾವ ಸಮೀಕ್ಷೆಗೂ ಸಿಕ್ಕಿಲ್ಲ. ಸಹಾಯ ಬೇಕೇ ಬೇಕು, ಅದರ ಜತೆಗೆ ಒಂದು ತಾರೀಖೂ ಬೇಕು.

ಸದ್ದಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಧ್ವನಿವರ್ಧಕ ಹಚ್ಚುವಂತಿಲ್ಲ. ಮದುವೆಯ ಡಿಜೆ ಈ ನಿಯಮ ಓದಿಲ್ಲ. ಅದಕ್ಕಿಂತ ಗಮನಿಸಬೇಕಾದದ್ದು ಬಸವಕಲ್ಯಾಣದ ಆಟೋನಗರ. ಲಾರಿ ಕಟ್ಟುವ, ರಿಪೇರಿ ಮಾಡುವ ಶೆಡ್ಡುಗಳ ಸುತ್ತಿಗೆಯ ಸದ್ದು ಬೆಳಿಗ್ಗೆ ಶುರುವಾದರೆ ಸಂಜೆಗೇ ನಿಲ್ಲುವುದು. ಹೊರಗಿನವನಿಗೆ ತಲೆ ಕೆಡುತ್ತದೆ, ಅಲ್ಲಿನ ಮಿಸ್ತ್ರಿಗಳು ಅದರ ನಡುವೆಯೇ ಹರಟೆ ಹೊಡೆಯುತ್ತಾರೆ. ಆ ಸದ್ದು ಅವರದೇ ಕೈಯದು, ಗಳಿಕೆಯ ಸದ್ದು. ಸುತ್ತಿಗೆ ಒಂದು ದಿನ ಸುಮ್ಮನಾದರೆ ಅವರಿಗೆ ಟೆನ್ಷನ್. (ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿ, ಅರಸನಾದವನು ಮನಸ್ಸನ್ನು ಹೇಗೆ ಹಗುರ ಮಾಡಿಕೊಳ್ಳಬೇಕೆಂದು ವಿನೋದಗಳಿಗೆ, ಕ್ರೀಡೆಗಳಿಗೆ ಅಧ್ಯಾಯಗಳನ್ನೇ ಮೀಸಲಿಟ್ಟ. ಅರಮನೆಗೆ ನೀರು ಹೊತ್ತವರು ಹೇಗೆ ಹಗುರಾಗುತ್ತಿದ್ದರೋ ಗ್ರಂಥದಲ್ಲಿಲ್ಲ.)

ನಮ್ಮ ಒತ್ತಡದ ದೊಡ್ಡ ಪಾಲು ಇಲ್ಲಿ ಹುಟ್ಟುವುದೇ ಇಲ್ಲ, ಫೋನಿನಲ್ಲಿ ಬರುತ್ತದೆ. 1956ರ ತನಕ ಬೀದರ ಹೈದರಾಬಾದ್ ರಾಜ್ಯದಲ್ಲಿತ್ತು. ದುಡಿಯಲು ಹೋಗುವವರಿಗೆ ಇಂದಿಗೂ ಮೊದಲ ಪಟ್ಟಣ ಹೈದರಾಬಾದೇ. ಜಹೀರಾಬಾದ ದಾಟಿದರೆ ಪಟಾನ್‌ಚೆರು, ಲಿಂಗಂಪಲ್ಲಿ. ಅಲ್ಲಿ ಕಟ್ಟಡದ ಕೆಲಸ, ವಾಚ್‌ಮನ್ ಕೆಲಸ, ಮನೆಗೆಲಸ. ಮುಂಬಯಿ, ಪುಣೆ ಆಮೇಲೆ. ಬೆಂಗಳೂರು ಕಡೆಯದು, ಸುಮಾರು 700 ಕಿಲೋಮೀಟರ್ ದೂರ. 2017ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲುಮಾರ್ಗ ಪೂರ್ತಿಯಾದ ಮೇಲೆ ಅದು ತುಸು ಹತ್ತಿರವಾದಂತೆ ಅನಿಸುತ್ತದೆ. ಹೋದವನ ಒತ್ತಡ ಕಣ್ಣಿಗೆ ಕಾಣುತ್ತದೆ: ತಗಡಿನ ಶೆಡ್ಡು, ಒಂದು ಕೋಣೆಯಲ್ಲಿ ಆರು ಜನ, ಎರಡು ತಾಸಿನ ಹಾದಿ. ಉಳಿದವರದು ಕಾಣುವುದಿಲ್ಲ. ರಾತ್ರಿ ಒಂಬತ್ತಕ್ಕೆ ಬರುವ ಮಗನ ಫೋನು ಒಂಬತ್ತೂವರೆಯಾದರೂ ಬರದಿದ್ದರೆ ಅವ್ವನ ಊಟ ಅಲ್ಲಿಗೇ. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ, ಹೈದರಾಬಾದಿನಿಂದ ಜನ ಮರಳಿ ಬಂದಾಗ ಕ್ವಾರಂಟೈನ್ ಶಾಲೆಗಳ ಗೇಟಿನ ಎರಡೂ ಬದಿಗೆ ನಿಂತವರಿಗೆ ಈ ಕಾಣದ ಅರ್ಧ ಮೊದಲ ಸಲ ಕಂಡಿತು. ಮತ್ತೆ ಹೋದರು. ಹೋಗದೆ ಏನು ಮಾಡಿಯಾರು?

ಮಕ್ಕಳದು ಇನ್ನೊಂದು ಬಗೆಯ ಪಾಳಿ. ಬೀದರ ಈಗ ನೀಟ್ ಕೋಚಿಂಗಿಗೆ ಹೆಸರಾದ ಊರು, ಬೇರೆ ರಾಜ್ಯಗಳಿಂದಲೂ ಬಂದು ಓದುತ್ತಾರೆ. ನಮ್ಮ ಹುಡುಗ ಹುಡುಗಿಯರಿಗೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟ ಮೀಸಲಾತಿಯ ಆಸರೆ ಇದೆ, ಆಸೆಯೂ ಅಷ್ಟೇ ದೊಡ್ಡದಾಗಿದೆ. ಹೊಲ ಒತ್ತೆಯಿಟ್ಟು ಹಾಸ್ಟೆಲಿಗೆ ಬಿಟ್ಟ ಅಪ್ಪ ವಾರಕ್ಕೊಮ್ಮೆ ಕೇಳುವ ಒಂದೇ ಪ್ರಶ್ನೆ, "ಮಾರ್ಕ್ಸ್ ಎಷ್ಟ್ ಬಂದಾವ?"

ಸಹಾಯದ ಕಡೆ ನೋಡೋಣ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳದು. ಕರ್ನಾಟಕ ಅದರಲ್ಲಿರಲಿಲ್ಲ, ಪ್ರಾಯೋಗಿಕ ಸಮೀಕ್ಷೆಯಷ್ಟೇ ಕೋಲಾರದಲ್ಲಿ ನಡೆದಿತ್ತು. ಮಾನಸಿಕ ತೊಂದರೆ ಇರುವ ವಯಸ್ಕರ ಪ್ರಮಾಣ ಹಳ್ಳಿಗಳಲ್ಲಿ ಶೇ. 7ರ ಹತ್ತಿರ, ಮಹಾನಗರಗಳಲ್ಲಿ ಶೇ. 15ರ ಹತ್ತಿರ. ನಡುವೆ ಶೇ. 10ರ ಹತ್ತಿರ ಇನ್ನೊಂದು ಸಾಲು ಇದೆ, ಮಹಾನಗರವಲ್ಲದ ಪಟ್ಟಣಗಳದು. ಪತ್ರಿಕೆಗಳು ಎರಡು ತುದಿಯನ್ನು ಎತ್ತಿ ಆಡಿದವು, ನಮ್ಮಂಥವರ ಸಾಲನ್ನು ಯಾರೂ ಓದಲಿಲ್ಲ. ತೊಂದರೆ ಇದ್ದವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರ ತನಕ.

ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಇಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಗೆ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದೂ ನಮ್ಮ ಭಾಗವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಕೆಲಸವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇಷ್ಟಿದ್ದೂ ನಮ್ಮವರು ಮೊದಲು ಹೋಗುವುದು ದರ್ಗಾಕ್ಕೆ, ಮಠಕ್ಕೆ, ತಾಯಿತ ಕಟ್ಟುವವರ ಬಳಿ. ಇದನ್ನು ಮೂಢನಂಬಿಕೆ ಎಂದು ತಳ್ಳುವವರ ಜತೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಲ್ಲಿ ಚೀಟಿ ಮಾಡಿಸಬೇಕಿಲ್ಲ, ಆಧಾರ್ ಕೇಳುವುದಿಲ್ಲ, ಗುರುವಾರ ಹೋದರೆ ಗುರುವಾರವೇ ಮಾತು ಕೇಳುತ್ತಾರೆ. ಆದರೆ ತಿಂಗಳುಗಟ್ಟಲೆ ನಿದ್ದೆಯಿಲ್ಲದವನಿಗೆ, ಬದುಕೇ ಬೇಡ ಅನ್ನುವವಳಿಗೆ ತಾಯಿತ ಸಾಲದು. ಅಂಥವರನ್ನು ತಾಲ್ಲೂಕು ಆಸ್ಪತ್ರೆಗೋ ಬೀದರಿನ ಬ್ರಿಮ್ಸ್ ಆಸ್ಪತ್ರೆಗೋ ಕರೆದುಕೊಂಡು ಹೋಗಲೇಬೇಕು, ಜತೆಗೆ ಒಬ್ಬರು ಹೋಗಬೇಕು.

ಔಷಧಿಯಿಂದ ಆಗದ ಕೆಲಸವೂ ಇದೆ, ಅದಕ್ಕೆ ಖರ್ಚು ಕಡಿಮೆ. ಯಾವ ಗಲ್ಲಿಗೆ ಯಾವ ದಿನ ಯಾವ ಹೊತ್ತಿಗೆ ನೀರು ಎಂದು ಹಿಂದಿನ ಸಂಜೆ ವಾಟ್ಸಾಪಿನಲ್ಲಿ ಹಾಕುವುದು. ಆಗದಿದ್ದರೆ ಆಗುವುದಿಲ್ಲ ಎಂದು ಹಾಕುವುದು. ಬಸ್ಸು ರದ್ದಾದರೆ ಮೈಕಿನಲ್ಲಿ ಹೇಳುವುದು. ಚಿಟಗುಪ್ಪ ತಾಲ್ಲೂಕು ಆದ ಮೇಲೆ ಕಚೇರಿಗಳು ಬಂದವು, ಹುಮನಾಬಾದಿಗೆ ತಿರುಗಾಡುವುದು ಅಷ್ಟು ತಪ್ಪಿತು. ಸಾಹೇಬರು ಇಂದು ಮೀಟಿಂಗಿಗೆ ಹೋಗಿದ್ದಾರೆ ಎಂದು ಬಾಗಿಲಿಗೆ ಒಂದು ಚೀಟಿ ಅಂಟಿಸುವ ರೂಢಿ ಬಂದರೆ ಇನ್ನಷ್ಟು ತಪ್ಪುತ್ತದೆ. ನೀರು, ಬಸ್ಸು, ಸಾಹೇಬರು ಹೆಚ್ಚಾಗಬೇಕು ಎಂಬುದು ಬೇರೆ ಹೋರಾಟ. ಅದು ಗೆಲ್ಲುವ ತನಕ ಜನರನ್ನು ಸುಮ್ಮನೆ ಕೂರಿಸಿ ಕಾಯಿಸುವ ಅಗತ್ಯವಿಲ್ಲ.

ಹಾಗೆ ತಿಳಿಸಬೇಕಾದವರ ಪಾಡೂ ಇಲ್ಲಿ ಸೇರಬೇಕು. ಕೆಲಸದ ಭಾರ ಹೆಚ್ಚಿದ್ದು ಅದರಲ್ಲಿ ತನ್ನ ಮಾತು ನಡೆಯದಿದ್ದರೆ ಆ ಕೆಲಸವೇ ಮನಸ್ಸನ್ನು ಬಳಲಿಸುತ್ತದೆಂದು ಸಂಶೋಧಕ ರಾಬರ್ಟ್ ಕರಸೆಕ್ 1979ರಲ್ಲಿ ಬರೆದ. ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರನನ್ನು ಅವನು ನೋಡಿರಲಿಕ್ಕಿಲ್ಲ. ತುಂಬಿದ ಬಸ್ಸಿನಲ್ಲಿ ಪ್ರತಿ ಹೆಂಗಸಿಗೂ ಶೂನ್ಯ ಟಿಕೀಟು ಹರಿದು ಕೊಡಲೇಬೇಕು. ಒಂದು ತಪ್ಪಿದರೆ ತನಿಖೆಯವರು ಹತ್ತಿದಾಗ ಉತ್ತರ ಅವನದು. ಎಷ್ಟು ಬಸ್ಸು ಬಿಡಬೇಕು ಎಂಬುದು ಅವನ ಕೈಯಲ್ಲಿಲ್ಲ, ಯಾವ ಊರಿಗೆ ನಿಲುಗಡೆ ಎಂಬುದೂ ಇಲ್ಲ, ಬೈಗುಳ ಮಾತ್ರ ಪೂರ್ತಿ ಅವನ ಪಾಲು. ವಾರದ ಕಂತು ಎತ್ತಲು ಬೈಕಿನ ಮೇಲೆ ಬರುವ ಇಪ್ಪತ್ತೈದರ ಹುಡುಗನದೂ ಇದೇ ಕಥೆ. ಹಳ್ಳಿಯಲ್ಲಿ ಅವನನ್ನು ಕಂಡರೆ ಬಾಗಿಲು ಹಾಕುತ್ತಾರೆ, ಆಫೀಸಿನಲ್ಲಿ ವಸೂಲಿ ಕಡಿಮೆಯಾದರೆ ಅವನಿಗೇ ಬಾಗಿಲು ತೋರಿಸುತ್ತಾರೆ. ಅವನ ಅವ್ವನೂ ಬೇರೊಂದು ಊರಿನಲ್ಲಿ ಬೇರೊಂದು ಸಂಘದ ಸದಸ್ಯಳಾಗಿರುವುದು ನಮ್ಮ ಕಡೆ ವಿಚಿತ್ರವೇನಲ್ಲ.